ಗಾಲಿಯ ಮೇಲಣ ಸಂಸಾರ

ಮಲಪ್ರಭೆಯ ದಂಡೆಯ ಮೇಲಿರುವ ಶಿವಯೋಗ ಮಂದಿರದಲ್ಲಿ, ಹಾನಗಲ್ಲ ಕುಮಾರಸ್ವಾಮಿಗಳ ಗದ್ದುಗೆಯ ದರ್ಶನವನ್ನು ಮುಗಿಸಿಕೊಂಡು, ಪ್ರಸಾದಕ್ಕೆ ಇನ್ನೂ ಹೊತ್ತಿದ್ದುದರಿಂದ ಮರದ ನೆರಳಿನ ಕಟ್ಟೆಯ ಮೇಲೆ ಕುಳಿತ ಮೂವರ ನಡುವೆ ನಡೆದ ಮಾತು ಇದು. ಅವರಲ್ಲೊಬ್ಬರು ಸರಕಾರಿ ಪ್ರೌಢಶಾಲೆಯಲ್ಲಿ ಇತಿಹಾಸವನ್ನು ಕಲಿಸಿ ನಿವೃತ್ತರಾದ ಮಾಸ್ತರರು. ಇನ್ನೊಬ್ಬರು ನೀರಾವರಿ ಇಲಾಖೆಯ ಲೆಕ್ಕಪತ್ರ ಶಾಖೆಯಲ್ಲಿ ಆಯುಷ್ಯವನ್ನು ಸವೆಸಿದವರು, ಊರಿನವರೆಲ್ಲರೂ ಸಾಹೇಬರೆಂದೇ ಕರೆಯತಕ್ಕವರು. ಮೂರನೆಯವರು ಮಾಸ್ತರರ ಧರ್ಮಪತ್ನಿ, ಸಾಹೇಬರು ಅಕ್ಕನವರೆಂದು ಕರೆಯತಕ್ಕವರು.

ಮಾಸ್ತರರು: ಸಾಹೇಬರೇ, ನಿವೃತ್ತಿಯ ಉಪದಾನ, ಗಳಿಕೆ ರಜೆಯ ನಗದು, ಪಿಂಚಣಿಯ ಪರಿವರ್ತನೆಯಿಂದ ಬಂದ ಗಂಟು ಇವೆಲ್ಲವನ್ನೂ ಕೂಡಿಸಿ ಮೂವತ್ತು ಲಕ್ಷ ರೂಪಾಯಿಯ ಒಂದು ಕ್ಯಾರವಾನನ್ನು ಕೊಳ್ಳಬೇಕೆಂಬ ನನ್ನ ಸಂಕಲ್ಪವನ್ನು ಕೇಳಿ ತಾವು ಉತ್ತರ ಕೊಡದೆ ಹೊಳೆಯ ಕಡೆಗೆ ನೋಡುತ್ತ ಕುಳಿತಿರಿ. ಆ ಮೌನವು ಸಮ್ಮತಿಯಲ್ಲವೆಂಬುದನ್ನು ನಾನು ಬಲ್ಲೆ. ಆದರೂ ನನ್ನ ಪಕ್ಷವನ್ನು ಪೂರ್ತಿಯಾಗಿ ಮಂಡಿಸುವುದಕ್ಕೆ ಅಪ್ಪಣೆಯಾಗಬೇಕು. ಟೆಂಪೋ ಟ್ರಾವೆಲರಿನಷ್ಟು ಉದ್ದದ ವಾಹನ. ಅದರೊಳಗೆ ಇಬ್ಬರು ಮಲಗುವ ಮಂಚ, ಅಡುಗೆಯ ಕಟ್ಟೆ, ಸಣ್ಣ ಫ್ರಿಜ್ಜು, ಸ್ನಾನಕ್ಕೂ ಶೌಚಕ್ಕೂ ಬಾಗಿಲಿರುವ ಕೋಣೆ, ನೀರಿನ ಟ್ಯಾಂಕು, ಛಾವಣಿಯ ಮೇಲೆ ಸೌರಫಲಕ. ಕ್ರಿ.ಶ. 543ರಲ್ಲಿ ಮೊದಲನೆಯ ಪುಲಕೇಶಿಯು ಬಾದಾಮಿಯ ಬೆಟ್ಟವನ್ನು ದುರ್ಗವನ್ನಾಗಿ ಮಾಡಿದನೆಂದೂ, 578ರಲ್ಲಿ ಮಂಗಳೇಶನ ಮೂರನೆಯ ಗುಹೆ ಸಿದ್ಧವಾಯಿತೆಂದೂ ವರುಷ ವರುಷವೂ ಕರಿಹಲಗೆಯ ಮೇಲೆ ಬರೆದ ನಾನು, ಆ ಬೆಟ್ಟದ ಕಲ್ಲು ಬೆಳಗಿನ ಬಿಸಿಲಿಗೆ ಯಾವ ಬಣ್ಣ ತಳೆಯುವುದೆಂಬುದನ್ನು ಮನದಣಿಯೆ ನೋಡಿದವನಲ್ಲ. ಮೊದಲ ಬಸ್ಸು ಮುಟ್ಟುವ ಹೊತ್ತಿಗೆ ಬಿಸಿಲು ಏರಿರುತ್ತದೆ; ಐಹೊಳೆಯ ದುರ್ಗದ ಗುಡಿಯ ಕಂಬಗಳ ಮೇಲೆ ಸಂಜೆಯ ಬೆಳಕು ಬೀಳುವ ಹೊತ್ತಿಗೆ ಮರಳುವ ಬಸ್ಸಿನ ಚಿಂತೆ ತಲೆಯನ್ನು ಹೊಕ್ಕಿರುತ್ತದೆ. ನಾಲ್ಕು ಹೆಜ್ಜೆಯ ಆಚೆಯಲ್ಲೇ ಮಲಗಿ ಎದ್ದವನಿಗೆ ದೊರೆಯುವ ಕಾಲವೇ ಬೇರೆ. ನಾನು ಕೊಳ್ಳಬಯಸುವುದು ಆ ಕಾಲವನ್ನು.

ಸಾಹೇಬರು: ಮಾಸ್ತರರೇ, ತಮ್ಮ ಆಸೆಯನ್ನು ನಾನು ಅಲ್ಪವೆಂದು ಎಣಿಸಿದವನಲ್ಲ. ಆದರೆ ಆ ಮೂವತ್ತು ಲಕ್ಷವನ್ನು ನನ್ನ ಕೈಗೆ ಕೊಟ್ಟು ನೋಡಿರಿ. ಅಂಚೆಯ ಕಚೇರಿಯಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯೊಂದಿದೆ; 2023ರಲ್ಲಿ ಅದರ ಮಿತಿಯನ್ನು 15 ಲಕ್ಷದಿಂದ 30 ಲಕ್ಷಕ್ಕೆ ಏರಿಸಿದರು; ನೂರಕ್ಕೆ 8.2ರ ಬಡ್ಡಿ. ಅಂದರೆ ಮೂರು ಮೂರು ತಿಂಗಳಿಗೆ 61,500 ರೂಪಾಯಿ, ವರುಷಕ್ಕೆ 2,46,000 ರೂಪಾಯಿ, ತಾವು ಮನೆಯಲ್ಲಿ ಕುಳಿತಿರುವಂತೆಯೇ ಬರುವುದು. ಅಸಲು ಹಾಗೆಯೇ ಇರುವುದು. ಅದೇ ಹಣವು ವಾಹನವಾದರೆ ಅಸಲು ಕರಗತೊಡಗುತ್ತದೆ. ವಿಮೆಯವರ ಕೋಷ್ಟಕದ ಪ್ರಕಾರ ಐದು ವರುಷ ತುಂಬುವ ಹೊತ್ತಿಗೆ ವಾಹನದ ಬೆಲೆ ಅರ್ಧಕ್ಕೆ ಇಳಿಯುತ್ತದೆ. ಎಂದರೆ ವರುಷಕ್ಕೆ ಸರಾಸರಿ ಮೂರು ಲಕ್ಷ. ಬಾರದ ಬಡ್ಡಿಯನ್ನೂ ಸವೆದ ಅಸಲನ್ನೂ ಕೂಡಿಸಿದರೆ, ಒಂದು ಹನಿ ಡೀಸೆಲನ್ನು ಸುಡುವ ಮೊದಲೇ, ಮನೆಯ ಮುಂದೆ ನಿಂತ ವಾಹನವು ವರುಷಕ್ಕೆ ಐದೂವರೆ ಲಕ್ಷ ರೂಪಾಯಿಯನ್ನು ನುಂಗಿರುತ್ತದೆ. ಇಂಥ ವಾಹನಗಳು ಬಾಡಿಗೆಗೂ ದೊರೆಯುತ್ತವೆ. ನಾನು ವಿಚಾರಿಸಿದಾಗ ದಿನಕ್ಕೆ ಹನ್ನೆರಡು ಸಾವಿರದ ಆಸುಪಾಸು ಹೇಳಿದರು. ವರುಷದಲ್ಲಿ ನಲವತ್ತೈದು ದಿನಕ್ಕಿಂತ ಹೆಚ್ಚು ಕಾಲ ತಾವು ಅದರಲ್ಲಿ ವಾಸಿಸುವುದಾದರೆ ಮಾತ್ರ ಕೊಳ್ಳುವುದು ಲಾಭ. ವಾಸಿಸುವಿರಾ?

ಮಾಸ್ತರರು: ವಾಸಿಸಬಲ್ಲೆನೆಂದೇ ನನ್ನ ನಂಬಿಕೆ.

ಸಾಹೇಬರು: ಋತುವನ್ನು ಎಣಿಸಿರಿ. ನಮ್ಮ ಸೀಮೆಯಲ್ಲಿ ಏಪ್ರಿಲ್ ಮೇ ತಿಂಗಳುಗಳಲ್ಲಿ ಉಷ್ಣಾಂಶವು 40 ಡಿಗ್ರಿಯ ಸಮೀಪಕ್ಕೆ ಹೋಗುತ್ತದೆ; ತಗಡಿನ ಛಾವಣಿಯ ಕೆಳಗೆ ಹಗಲು ಕುಳಿತಿರುವುದು ಅಸಾಧ್ಯ, ರಾತ್ರಿಯಿಡೀ ಏಸಿಯನ್ನು ನಡೆಸುವ ಶಕ್ತಿ ಆ ಸೌರಫಲಕಕ್ಕಿಲ್ಲ. ಮಳೆಗಾಲದಲ್ಲಿ ಎರಿ ಭೂಮಿ. ಮೂರು ಟನ್ನಿನ ವಾಹನವನ್ನು ರಸ್ತೆಯಿಂದ ಹತ್ತು ಮಾರು ಕೆಳಗಿಳಿಸಿ ನಿಲ್ಲಿಸಿರಿ. ರಾತ್ರಿ ಒಂದು ಮಳೆ ಬಿದ್ದರೆ ಬೆಳಿಗ್ಗೆ ಟ್ರ್ಯಾಕ್ಟರು ತರಿಸಬೇಕಾಗುತ್ತದೆ. ಈ ಮಲಪ್ರಭೆಯೇ 2019ರ ಆಗಸ್ಟಿನಲ್ಲಿ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನುಗ್ಗಿದುದನ್ನು ತಾವು ಕಂಡಿದ್ದೀರಿ. ಉಳಿಯುವುದು ದೀಪಾವಳಿಯಿಂದ ಶಿವರಾತ್ರಿಯವರೆಗಿನ ಕಾಲ. ಅದರಲ್ಲಿ ಮಗಳ ಮನೆ, ಮದುವೆ, ಮುಂಜಿವೆ, ದವಾಖಾನೆ ಇವುಗಳನ್ನು ಕಳೆಯಿರಿ.

ಮಾಸ್ತರರು: ಹಳೆಯ ವಾಹನವೊಂದನ್ನು ಅಗ್ಗಕ್ಕೆ ಕೊಂಡು ನಮ್ಮ ಊರಿನ ಬಡಿಗರಿಂದಲೇ ಮಂಚ ಕಪಾಟುಗಳನ್ನು ಮಾಡಿಸಿದರೆ?

ಸಾಹೇಬರು: 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ಅಡ್ಡ ಬರುತ್ತದೆ. ನೋಂದಣಿ ಪತ್ರದಲ್ಲಿ ನಮೂದಾದ ವಿವರಕ್ಕೆ ವಿರುದ್ಧವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. ಮಾಡಿಸಿದರೆ ವಿಮೆಯವರಿಗೆ ಕೈ ತೊಳೆದುಕೊಳ್ಳುವುದಕ್ಕೆ ಅಷ್ಟೇ ಸಾಕು. ಆ ದಾರಿಯನ್ನು ಬಿಟ್ಟುಬಿಡಿರಿ. ಇನ್ನು ಬಸ್ಸಿನ ಲೆಕ್ಕವನ್ನು ಕೇಳಿರಿ. ಅರವತ್ತು ದಾಟಿದ ತಮಗೆ ಕೆಂಪು ಬಸ್ಸಿನಲ್ಲಿ ನೂರಕ್ಕೆ ಇಪ್ಪತ್ತೈದರ ರಿಯಾಯಿತಿ. ಅಕ್ಕನವರಿಗಾದರೋ 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಟಿಕೇಟಿಗೆ ಹಣವೇ ಇಲ್ಲ. ರೈಲಿನಲ್ಲಿ ಹಿರಿಯರಿಗಿದ್ದ ರಿಯಾಯಿತಿ 2020ರ ಮಾರ್ಚಿನಲ್ಲಿ ನಿಂತುಹೋದದ್ದು ನಿಜ. ಆದರೂ ಉಡುಪಿಯಿಂದ ಬೀದರಿನವರೆಗೆ ಸರಕಾರವೇ ತಮ್ಮನ್ನು ಹೆಚ್ಚು ಕಡಿಮೆ ಅರ್ಧ ಖರ್ಚಿನಲ್ಲಿ ಸುತ್ತಿಸುತ್ತಿರುವಾಗ, ಕಿಲೋಮೀಟರಿಗೆ ಒಂಬತ್ತು ರೂಪಾಯಿಯ ಡೀಸೆಲನ್ನು ಸುಡುತ್ತ ಒಂದು ಮನೆಯನ್ನೇ ಬೆನ್ನ ಹಿಂದೆ ಎಳೆದುಕೊಂಡು ಹೋಗುವುದೇಕೆ?

ಮಾಸ್ತರರು: ಹಣವು ಕೂಡಿಡುವುದಕ್ಕಾಗಿಯೇ ಇರುವುದಾದರೆ ತಮ್ಮ ಮಾತು ಅಖಂಡನೀಯ. ಆದರೆ ಮೊಣಕಾಲಿಗೆ ಬಡ್ಡಿ ಬರುವುದಿಲ್ಲ, ಸಾಹೇಬರೇ. ಅರವತ್ತರಿಂದ ಎಪ್ಪತ್ತರವರೆಗಿನ ಹತ್ತು ವರುಷಗಳ ನಡಿಗೆಯನ್ನು ಠೇವಣಿಯಿಟ್ಟು ಎಂಬತ್ತರಲ್ಲಿ ಬಿಡಿಸಿಕೊಳ್ಳುವ ಅಂಚೆಯ ಕಚೇರಿ ಎಲ್ಲಿಯೂ ಇಲ್ಲ. ಇದು ಪರದೇಶದವರ ಶೋಕಿಯೆಂದು ತಾವು ಮನಸ್ಸಿನಲ್ಲಿ ಅಂದುಕೊಂಡಿರಬಹುದು. ಅದನ್ನೂ ನಾನು ಒಪ್ಪತಕ್ಕವನಲ್ಲ. ಬಾಲ್ಯದಲ್ಲಿ ಬನಶಂಕರಿಯ ಜಾತ್ರೆಗೆ ನಾವು ಹೋಗುತ್ತಿದ್ದುದು ಹೇಗೆ? ಚಕ್ಕಡಿಗೆ ಕಮಾನು ಕಟ್ಟಿ, ಮೇಲೆ ಜಮಖಾನೆ ಹೊದಿಸಿ, ಕೆಳಗೆ ಹುಲ್ಲು ಹಾಸಿ, ಅದರ ಮೇಲೆ ಕೌದಿ. ಹಿಂದೆ ನೀರಿನ ಕೊಡ, ರೊಟ್ಟಿಯ ಗಂಟು, ಎತ್ತುಗಳಿಗೆ ಹೊಟ್ಟು. ಪುಷ್ಯಮಾಸದ ಬನದ ಹುಣ್ಣಿವೆಗೆ ಚೊಳಚಗುಡ್ಡದ ಬಯಲೆಲ್ಲ ಚಕ್ಕಡಿಗಳಿಂದ ತುಂಬಿಹೋಗುತ್ತಿತ್ತು. ಹಿರಿಯರು ಚಕ್ಕಡಿಯ ಕೆಳಗೆ, ಮಕ್ಕಳು ಒಳಗೆ. ತೇರು ಆಗುವುದು, ರಾತ್ರಿಯಿಡೀ ನಾಟಕ ನೋಡುವುದು, ಎತ್ತುಗಳ ಗಂಟೆಯ ಸದ್ದಿನಲ್ಲಿ ನಿದ್ದೆ ಹೋಗುವುದು. ಹೆಳವರನ್ನು ನೆನೆಯಿರಿ. ಒಂದೊಂದು ಮನೆತನದ ವಂಶಾವಳಿಯನ್ನು ಬಾಯಲ್ಲಿಯೂ ಬರಹದಲ್ಲಿಯೂ ಹೊತ್ತುಕೊಂಡು, ಸಂಸಾರವನ್ನು ಬಂಡಿಯಲ್ಲಿ ಹೇರಿ, ವರುಷಗಳ ಅಂತರದಲ್ಲಿ ಒಕ್ಕಲಿನ ಮನೆಯ ಮುಂದೆ ನಿಂತು ಮುತ್ತಜ್ಜನ ಹೆಸರನ್ನು ಹೇಳುವವರು. ಕುದುರೆಯ ಮೇಲೆ ಕಂಬಳಿ, ಪಾತ್ರೆ, ಎಳೆಯ ಮರಿ ಇವುಗಳನ್ನು ಹೇರಿಕೊಂಡು ಹಿಂಡಿನೊಡನೆ ಹೊಲದಿಂದ ಹೊಲಕ್ಕೆ ಸಾಗುವ ಕುರಿಗಾರರನ್ನು ನೆನೆಯಿರಿ. ಗಾಲಿಯ ಮೇಲಣ ಮನೆಯು ನಮ್ಮ ನೆಲದಲ್ಲಿಯೇ ಹುಟ್ಟಿದ ವಸ್ತು.

ಸಾಹೇಬರು: ತಾವು ಹೆಸರಿಸಿದವರು ಸಂಚರಿಸಿದ್ದು ಸುಖಕ್ಕಾಗಿ ಅಲ್ಲವೆಂಬುದನ್ನು ಮರೆಯಬಾರದು. ಹೆಳವನು ನಿಂತರೆ ಅವನ ಜೀವನೋಪಾಯವೇ ನಿಲ್ಲುತ್ತದೆ. ಕುರಿಗಾರನ ಹೆಂಡತಿ ಮಾಗಿಯ ಇರುಳಿನಲ್ಲಿ ಬಟ್ಟಬಯಲಲ್ಲಿ ಹಸುಗೂಸನ್ನು ಮಲಗಿಸುವುದನ್ನು ನೋಡಿದವನು ಅದನ್ನು ವಿಹಾರವೆಂದು ಕರೆಯಲಾರನು. ಅವರ ಸಂಚಾರದ ಹೆಸರನ್ನು ನಮ್ಮ ಸಂಚಾರಕ್ಕೆ ಆಧಾರವಾಗಿ ಹೇಳುವುದು ನ್ಯಾಯವಲ್ಲ. ಜಾತ್ರೆಯ ಚಕ್ಕಡಿಯ ಮಾತು ಬೇರೆ, ಅದನ್ನು ಒಪ್ಪುತ್ತೇನೆ. ಆದರೆ ಆ ಚಕ್ಕಡಿಗೆ ಗಾಜಿನ ಕಿಟಕಿಯಿರಲಿಲ್ಲ. ಪಕ್ಕದ ಚಕ್ಕಡಿಯವರ ಪಲ್ಯ ನಮ್ಮ ರೊಟ್ಟಿಗೆ ಬರುತ್ತಿತ್ತು, ನಮ್ಮ ಮಾದಲಿ ಅವರ ಮಕ್ಕಳಿಗೆ ಹೋಗುತ್ತಿತ್ತು. ನಾವು ಈಗ ಕುಳಿತಿರುವ ಸ್ಥಳವನ್ನೇ ನೋಡಿರಿ. 1867ರಲ್ಲಿ ರಾಣೆಬೆನ್ನೂರಿನ ಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿ, ಹಾನಗಲ್ಲ ಮಠದ ಅಧಿಕಾರಕ್ಕೆ ಬಂದ ಕುಮಾರಸ್ವಾಮಿಗಳು, ಮಠದಲ್ಲಿ ಕೂಡಬಹುದಾಗಿದ್ದವರು, ಕೂಡಲಿಲ್ಲ. ಜೋಳಿಗೆ ಹಿಡಿದು ಊರೂರು ತಿರುಗಿದರು. 1904ರ ವೀರಶೈವ ಮಹಾಸಭೆಯೂ 1909ರ ಈ ಶಿವಯೋಗ ಮಂದಿರವೂ ಆ ತಿರುಗಾಟದ ಫಲ. ಅವರ ಆಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ತಾವೇ ಅಂಧರಾಗಿದ್ದು, ಶಿಷ್ಯರನ್ನು ಕಟ್ಟಿಕೊಂಡು, ಗದಗಿನಲ್ಲಿ ನೆಲೆ ನಿಲ್ಲುವ ಮೊದಲು ಸಂಗೀತದ ಪಾಠಶಾಲೆಯನ್ನೇ ಊರಿಂದೂರಿಗೆ ನಡೆಸಿಕೊಂಡು ಹೋದರು. ಅವರಾರಿಗೂ ಸ್ವಂತದ ಒಲೆಯಿರಲಿಲ್ಲ. ಮುಟ್ಟಿದ ಊರೇ ಉಣ್ಣಿಸಬೇಕಾಗಿತ್ತು. ಉಣ್ಣಿಸಿದ ಊರಿಗೂ ಅವರಿಗೂ ಅದರಿಂದಲೇ ಸಂಬಂಧ ಬೆಳೆಯಿತು. ಹಾಸಿಗೆ, ನೀರು, ಅನ್ನ, ಬೆಳಕು ಇವೆಲ್ಲವನ್ನೂ ಮನೆಯಿಂದಲೇ ಹೇರಿಕೊಂಡು ಹೋದವನಿಗೆ ದಾರಿಯಲ್ಲಿ ಯಾರನ್ನು ಮಾತನಾಡಿಸುವ ಕಾರಣವಿದ್ದೀತು?

ಅಕ್ಕನವರು: ಸಾಹೇಬರೇ, ನಡುವೆ ಬಾಯಿ ಹಾಕುತ್ತೇನೆ, ತಪ್ಪು ತಿಳಿಯಬೇಡಿರಿ. ಊರಿನವರನ್ನು ಕೇಳಿ ಪಡೆಯುವುದರಲ್ಲಿ ಸಂಬಂಧ ಬೆಳೆಯುತ್ತದೆಂದು ತಾವು ಹೇಳಿದಿರಿ. ಗಂಡಸರ ಮಟ್ಟಿಗೆ ಅದು ಸರಿ. ನನಗೆ ಎರಡೂ ಮೊಣಕಾಲಿನ ನೋವು, ಮೇಲೆ ಸಕ್ಕರೆ ಕಾಯಿಲೆ. ಬಸ್ಸಿನಲ್ಲಿ ಹೊರಡುವ ದಿನ ಬೆಳಿಗ್ಗೆಯಿಂದ ನಾನು ನೀರು ಕುಡಿಯುವುದಿಲ್ಲ. ಏಕೆಂದರೆ ದಾರಿಯಲ್ಲಿ ಎಲ್ಲಿ ಇಳಿಯಬೇಕು, ಯಾರನ್ನು ಕೇಳಬೇಕು, ಕೇಳಿದರೂ ಅಲ್ಲಿರುವುದು ಕುಕ್ಕರುಗಾಲಿನಲ್ಲಿ ಕೂಡುವಂಥದು, ಕುಳಿತರೆ ಏಳಲಾರೆ. ಬಂಧುಗಳ ಮನೆಗೆ ಹೋದರೂ ರಾತ್ರಿ ಎರಡು ಸಲ ಏಳುವಾಗ ಅವರ ನಿದ್ದೆ ಕೆಟ್ಟೀತೆಂಬ ಅಂಜಿಕೆ. ಟೆಕ್ಸಾಸಿನಲ್ಲಿರುವ ಮಗ ಒಮ್ಮೆ ಇಂಥ ವಾಹನವನ್ನು ಬಾಡಿಗೆಗೆ ಹಿಡಿದು ನಮ್ಮನ್ನು ಕರೆದುಕೊಂಡು ಹೋಗಿದ್ದ. ಅಲ್ಲಿಯ ಬೆಟ್ಟ ಕಣಿವೆಗಳು ಚೆನ್ನಾಗಿದ್ದುವು. ನನಗೆ ಉಳಿದಿರುವ ನೆನಪು ಬೇರೆ. ಬಾಯಾರಿದಾಗಲೆಲ್ಲ ನೀರು ಕುಡಿದೆ. ಪ್ರಯಾಣದಲ್ಲಿ ಹಾಗೆ ನೀರು ಕುಡಿದದ್ದು ನನ್ನ ಜೀವಮಾನದಲ್ಲಿ ಅದೇ ಮೊದಲು. ತಮ್ಮ ಐದೂವರೆ ಲಕ್ಷದ ಲೆಕ್ಕದಲ್ಲಿ ಇದನ್ನು ಯಾವ ಕಡೆಗೆ ಬರೆಯುವಿರಿ?

ಸಾಹೇಬರು: ಅಕ್ಕನವರೇ, ಇದಕ್ಕೆ ನನ್ನಲ್ಲಿ ಎದುರುಮಾತಿಲ್ಲ. ಜಮೆಯ ಕಡೆಗೆ, ಎಲ್ಲಕ್ಕಿಂತ ಮೇಲೆ ಬರೆಯತಕ್ಕದ್ದು.

ಮಾಸ್ತರರು: ಕೇಳಿದಿರಾ? ಅವಳೂ ನನ್ನ ಪಕ್ಷದವಳೇ.

ಅಕ್ಕನವರು: ಪೂರ್ತಿ ಅಲ್ಲ. ಇವರು ಅರವತ್ತು ತುಂಬಿದ ತಿಂಗಳ ಕೊನೆಯ ದಿನ ನಿವೃತ್ತರಾದರು. ಶಾಲೆಯಲ್ಲಿ ಹಾರ ಹಾಕಿದರು, ಶಾಲು ಹೊದಿಸಿದರು, ಭಾಷಣ ಮಾಡಿದರು. ಮರುದಿನ ಬೆಳಿಗ್ಗೆ ನಾನು ಎಂದಿನಂತೆ ಎದ್ದು ರೊಟ್ಟಿ ಬಡಿದೆ. ಆ ವಾಹನದ ಚಿತ್ರವನ್ನು ಇವರು ನನಗೆ ತೋರಿಸುವಾಗಲೆಲ್ಲ ಮೊದಲು ತೋರಿಸುವುದು ಅಡುಗೆಯ ಕಟ್ಟೆಯನ್ನು: ನೋಡು, ನಿನಗಾಗಿ ಎಷ್ಟು ಅನುಕೂಲ ಮಾಡಿದ್ದಾರೆ ಎಂದು. ನಾನು ಇಳಕಲ್ಲಿಗೆ ಹೋಗಬಯಸುವುದು ಅಲ್ಲಿಯ ಮಗ್ಗವನ್ನು ನೋಡುವುದಕ್ಕೆ. ಬುದ್ಧಿ ತಿಳಿದಾಗಿನಿಂದ ಇಳಕಲ್ಲ ಸೀರೆ ಉಟ್ಟಿದ್ದೇನೆ. ಸೀರೆಯ ಒಡಲಿನ ಎಳೆಗೂ ಸೆರಗಿನ ಎಳೆಗೂ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸುತ್ತಾರಲ್ಲ, ಆ ಕೈಕೆಲಸವನ್ನು ಕಣ್ಣಾರೆ ಕಂಡಿಲ್ಲ. ಗುಳೇದಗುಡ್ಡದಲ್ಲಿ ಕುಪ್ಪಸದ ಖಣ ನೇಯುವುದನ್ನೂ ಕಂಡಿಲ್ಲ. ಇವರು ಐಹೊಳೆಯ ಕಂಬವನ್ನು ನೋಡಿ ಬರುವಷ್ಟರಲ್ಲಿ ನಾನು ಮೂರು ಅಡಿಯ ಕಟ್ಟೆಯ ಮುಂದೆ ಬಗ್ಗಿ ನಿಂತು ಅನ್ನಕ್ಕೆ ಇಡುವುದಾದರೆ, ಮನೆಯಲ್ಲಿ ವಿಶಾಲವಾದ ಅಡುಗೆಮನೆಯಲ್ಲೇ ನಿಂತು ಇಡುವುದು ಮೇಲು. ಮಠದ ದಾಸೋಹಕ್ಕೆ ಹೋದ ದಿನ ನಾನೂ ಪಂಕ್ತಿಯಲ್ಲಿ ಕೂಡುತ್ತೇನೆ, ನನಗೂ ಬಡಿಸುತ್ತಾರೆ. ಯಾತ್ರೆಯೆಂದರೆ ನನಗೆ ಅಷ್ಟೇ.

ಮಾಸ್ತರರು: ಇದನ್ನು ನೀನು ಹಿಂದೆ ಹೇಳಿದ್ದಿಲ್ಲ.

ಅಕ್ಕನವರು: ತಾವು ಅಡುಗೆಯ ಕಟ್ಟೆಯನ್ನು ಅಷ್ಟು ಪ್ರೀತಿಯಿಂದ ತೋರಿಸುತ್ತಿದ್ದಿರಿ. ಹೇಗೆ ಹೇಳಲಿ?

ಸಾಹೇಬರು: ಮಾಸ್ತರರೇ, ಈ ಮಾತಿನಿಂದ ನನ್ನ ಲೆಕ್ಕವೂ ತಿದ್ದಿಕೊಂಡಿತು. ನಾನು ರೂಪಾಯಿಯನ್ನೇ ಎಣಿಸುತ್ತ ಕುಳಿತಿದ್ದೆ. ಮನೆಗೆ ಗಾಲಿ ಕಟ್ಟಿದರೆ ಮನೆಯೊಳಗಿನ ದುಡಿಮೆಗೂ ಗಾಲಿ ಬರುತ್ತದೆ. ಯಾರ ಕೈ ಯಾವ ಕೆಲಸವನ್ನು ಮಾಡಿಕೊಂಡು ಬಂದಿತ್ತೋ ಅದೇ ಕೈ ಅದೇ ಕೆಲಸವನ್ನು ಇಕ್ಕಟ್ಟಿನಲ್ಲಿ, ಅಲುಗಾಟದಲ್ಲಿ ಮಾಡಬೇಕಾಗುತ್ತದೆ. ಹೊರಡುವ ಮುನ್ನ ಕೇಳತಕ್ಕ ಪ್ರಶ್ನೆ ಅದು.

ಮಾಸ್ತರರು: ಇತಿಹಾಸದ ಮಾಸ್ತರನಾಗಿ ನಾನು ಇದನ್ನು ಮೊದಲೇ ಗುರುತಿಸಬೇಕಾಗಿತ್ತು. ಇಂಗ್ಲೆಂಡಿನಲ್ಲಿ ಗಾರ್ಡನ್ ಸ್ಟೇಬಲ್ಸ್ ಎಂಬ ನೌಕಾಪಡೆಯ ವೈದ್ಯನಿದ್ದನು. ಸೇವೆಯಿಂದ ನಿವೃತ್ತನಾದ ಬಳಿಕ, ವಿಹಾರಕ್ಕೆಂದೇ ಒಂದು ಕ್ಯಾರವಾನನ್ನು ಕಟ್ಟಿಸಿ, ಅದಕ್ಕೆ ‘ವಾಂಡರರ್’ ಎಂದು ಹೆಸರಿಟ್ಟು, 1885ರಲ್ಲಿ ಎರಡು ಕುದುರೆಗಳನ್ನು ಹೂಡಿ ಬರ್ಕ್‌ಷೈರಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್ಸಿನವರೆಗೆ ಹೋದನು. ಕೇವಲ ಸಂತೋಷಕ್ಕಾಗಿ ಇಂಥ ಬಂಡಿಯಲ್ಲಿ ಹೊರಟವರಲ್ಲಿ ಅವನೇ ಮೊದಲಿಗನೆಂದು ಹೇಳುವುದುಂಟು. ಆ ಪ್ರವಾಸದ ಪುಸ್ತಕವನ್ನೂ ಬರೆದನು. ಆದರೆ ಅವನೊಡನೆ ಸಾರಥಿಯೊಬ್ಬನಿದ್ದನು, ಸೇವಕನೊಬ್ಬನಿದ್ದನು. ಅವನ ಸ್ವಾತಂತ್ರ್ಯವು ಅವರಿಬ್ಬರ ದುಡಿಮೆಯ ಮೇಲೆ ನಿಂತಿತ್ತು. ನಾನಾದರೋ ಆ ಇಬ್ಬರ ಸ್ಥಾನದಲ್ಲಿ ಅರಿವಿಲ್ಲದೆ ಇವಳನ್ನು ನಿಲ್ಲಿಸಿದ್ದೆ.

ಸಾಹೇಬರು: ಅಡುಗೆಯಷ್ಟೇ ಮುಖ್ಯವಾದ ಇನ್ನೊಂದು ಮಾತು ಉಳಿದಿದೆ, ಹೇಳುವುದಕ್ಕೆ ಸಂಕೋಚವಾದರೂ ಹೇಳಲೇಬೇಕು. ಅಕ್ಕನವರು ಕೊಂಡಾಡಿದ ಆ ಶೌಚದ ಕೋಣೆ. ಅದರ ಕೆಳಗೊಂದು ತೊಟ್ಟಿಯಿರುತ್ತದೆ. ಇಬ್ಬರು ಬಳಸಿದರೆ ಕೆಲವೇ ದಿನಗಳಲ್ಲಿ ತುಂಬುತ್ತದೆ. ಅಮೆರಿಕೆಯಲ್ಲಿಯೂ ಆಸ್ಟ್ರೇಲಿಯದಲ್ಲಿಯೂ ನಿವೃತ್ತರಾದವರು ಮನೆಯನ್ನೇ ಮಾರಿ ವರುಷವಿಡೀ ಇಂಥ ವಾಹನಗಳಲ್ಲಿ ಇರುವುದುಂಟು. ಅಲ್ಲಿ ತೊಟ್ಟಿಯನ್ನು ಬರಿದು ಮಾಡುವುದಕ್ಕೆಂದೇ ಸ್ಥಳಗಳಿವೆ, ಕೊಳವೆಯನ್ನು ಜೋಡಿಸಿದರೆ ಮುಗಿಯಿತು. ನಮ್ಮಲ್ಲಿ ವಾಹನವು ಬಂದಿದೆ, ಆ ಏರ್ಪಾಡು ಬಂದಿಲ್ಲ. ಕೇರಳದವರು 2021ರಲ್ಲಿ ಕ್ಯಾರವಾನ್ ಪ್ರವಾಸೋದ್ಯಮಕ್ಕೊಂದು ನೀತಿಯನ್ನೇ ಮಾಡಿ, ವಾಹನ ನಿಲ್ಲುವ ತಾಣಗಳನ್ನೂ ಅದರಲ್ಲಿ ಸೇರಿಸಿದರು. ಈ ಸೀಮೆಯಲ್ಲಿ ತಾವು ಎಲ್ಲಿಗೆ ಹೋಗುವಿರಿ? ಹೊಳೆಗೆ ಬಿಡುವಂತಿಲ್ಲ, ಇದೇ ನೀರಿನಲ್ಲಿ ಮಂದಿರದ ವಟುಗಳು ಸ್ನಾನಕ್ಕಿಳಿಯುತ್ತಾರೆ. ರಸ್ತೆಯ ಬದಿಯ ಹೊಲ ಯಾರದೋ ಅನ್ನದ ಹೊಲ. ಕೊನೆಗೆ ನೂರು ರೂಪಾಯಿ ಕೊಟ್ಟು ಯಾವನಾದರೊಬ್ಬ ಬಡವನ ಕೈಯಿಂದ ಮಾಡಿಸುವಿರಿ. ಅದು ಆಗಕೂಡದು. ತಲೆಯ ಮೇಲೆ ಮಲ ಹೊರಿಸುವ ಪದ್ಧತಿಯನ್ನು ಬಿ. ಬಸವಲಿಂಗಪ್ಪನವರು ಸಚಿವರಾಗಿದ್ದಾಗ 1970ರ ದಶಕದಲ್ಲಿಯೇ ನಿಷೇಧಿಸಿದ ನಾಡು ಇದು. ಆ ಮೇಲೆಯೂ, 2010ರಲ್ಲಿ, ನಮಗೆ ದೂರವಲ್ಲದ ಸವಣೂರಿನಲ್ಲಿ ಆ ಕೆಲಸಕ್ಕೆ ಕಟ್ಟುಬಿದ್ದ ಮನೆಗಳವರು ತಮ್ಮ ಮೈಮೇಲೆಯೇ ಮಲವನ್ನು ಸುರಿದುಕೊಂಡು ಲೋಕಕ್ಕೆ ತಮ್ಮ ಅವಸ್ಥೆಯನ್ನು ತೋರಿಸಬೇಕಾಯಿತು. 2013ರಲ್ಲಿ ಕೇಂದ್ರದ ಕಾಯಿದೆಯೂ ಬಂದಿತು. ನಮ್ಮ ವಿಹಾರಕ್ಕಾಗಿ ಆ ಪದ್ಧತಿಗೆ ಮತ್ತೊಂದು ಬಾಗಿಲನ್ನು ತೆರೆಯುವ ಹಕ್ಕು ನಮಗಿಲ್ಲ.

ಮಾಸ್ತರರು: ಇಲ್ಲ. ಅದನ್ನು ನಾನೇ ಮಾಡತಕ್ಕದ್ದು. ಕೆಳಗಿನಿಂದ ಪೆಟ್ಟಿಗೆಯಂತೆ ಹೊರಗೆಳೆದು, ಮುಚ್ಚಳ ಹಾಕಿ, ಕೈಯಲ್ಲಿ ಹಿಡಿದು ಹೋಗಬಹುದಾದ ಬಗೆಯ ತೊಟ್ಟಿಯಿದೆ. ಮಗನು ಹಿಡಿದ ವಾಹನದಲ್ಲಿ ಅದೇ ಇತ್ತು. ಯಾತ್ರಿ ನಿವಾಸದಲ್ಲಿಯೋ ಹೋಟೆಲಿನಲ್ಲಿಯೋ ಒಡೆಯರ ಅಪ್ಪಣೆ ಪಡೆದು, ಅವರ ಶೌಚಾಲಯದಲ್ಲಿ ಬರಿದು ಮಾಡಿ, ತೊಳೆದು ತರುವುದು. ಅವಳು ಬಾಯಾರಿದಾಗ ನೀರು ಕುಡಿಯಬೇಕಾದರೆ ನಾನು ಅಷ್ಟು ಮಾಡಲಾರೆನೇ?

ಅಕ್ಕನವರು: ಮಾಡಿದರೆ ನಾನೂ ಬುತ್ತಿಯ ಜವಾಬ್ದಾರಿ ಹೊರುತ್ತೇನೆ, ಆದರೆ ಅಡುಗೆಯದಲ್ಲ. ನಮ್ಮ ಓಣಿಯಲ್ಲಿಯೇ ರೊಟ್ಟಿ ಬಡಿದು ಮಾರಿ ಸಂಸಾರ ಸಾಗಿಸುವ ಹೆಣ್ಣುಮಕ್ಕಳಿದ್ದಾರೆ. ಅವರಿಂದ ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳ ಹಿಂಡಿ, ಅಗಸಿ ಹಿಂಡಿ ಕೊಂಡುಕೊಂಡು ಡಬ್ಬಿಯಲ್ಲಿ ತುಂಬಿದರೆ ವಾರಗಟ್ಟಲೆ ಕೆಡುವುದಿಲ್ಲ. ಬನಶಂಕರಿಯಲ್ಲಿ ಗುಡಿಯ ಮುಂದೆ ಬುಟ್ಟಿ ಇಟ್ಟುಕೊಂಡು ಕೂಡುವ ಹೆಂಗಸರು ರೊಟ್ಟಿ, ಪಲ್ಯ, ಗಡಿಗೆಯ ಮೊಸರು ಎಲ್ಲವನ್ನೂ ಬಡಿಸುತ್ತಾರೆ. ಅಮೀನಗಡದಲ್ಲಿ ಕರದಂಟು, ನನಗೆ ಬೇಡ, ಇವರಿಗಿರಲಿ. ಊರೂರಿಗೂ ಖಾನಾವಳಿಯಿದೆ. ಕೂಡಲಸಂಗಮದಲ್ಲಿ ದಾಸೋಹವಿದೆ. ಇಷ್ಟೆಲ್ಲ ಇರುವ ಸೀಮೆಯಲ್ಲಿ ಒಲೆಯನ್ನು ಹೊತ್ತುಕೊಂಡು ತಿರುಗುವುದಕ್ಕೆ ಕಾರಣವೇ ಕಾಣೆ. ಹಾಸಿಗೆ ಬರಲಿ, ಆ ಕೋಣೆ ಬರಲಿ. ಒಲೆ ಮನೆಯಲ್ಲಿಯೇ ಇರಲಿ.

ಸಾಹೇಬರು: ಅಕ್ಕನವರ ಈ ತೀರ್ಪಿನಲ್ಲಿ ನನ್ನ ಆಕ್ಷೇಪಣೆಯೂ ಅಡಗಿತು. ಒಲೆ ಬಿಟ್ಟು ಹೋದವರು ಊಟಕ್ಕೆ ಊರಿನೊಳಕ್ಕೆ ಹೋಗಲೇಬೇಕು. ಹೋದರೆ ನಾಲ್ಕು ಮಾತು ಆಡಲೇಬೇಕು. ಇನ್ನು ವಾಹನವನ್ನು ನಡೆಸುವವರು ಯಾರು? ಐವತ್ತೈದು ದಾಟಿದವರ ಲೈಸೆನ್ಸನ್ನು ಐದು ವರುಷಕ್ಕೊಮ್ಮೆ ನ‌ವೀಕರಿಸಬೇಕು, ವೈದ್ಯರ ಪ್ರಮಾಣಪತ್ರವನ್ನು ಲಗತ್ತಿಸಬೇಕು. ಕಾಗದವನ್ನು ದೊರಕಿಸಬಹುದು, ಆದರೆ ತಮ್ಮ ಎಡಗಣ್ಣಿನ ಪೊರೆಯನ್ನು ಹೋದ ಬೇಸಿಗೆಯಲ್ಲಿ ತೆಗೆಸಿದ್ದೀರಿ. ಕಬ್ಬಿನ ಟ್ರ್ಯಾಕ್ಟರುಗಳು ದೀಪವಿಲ್ಲದೆ ಎರಡೆರಡು ಡಬ್ಬಿಗಳನ್ನು ಎಳೆದುಕೊಂಡು ಹೋಗುವ ಕಾಲವೂ ತಾವು ಹೊರಡಬೇಕೆನ್ನುವ ಕಾಲವೂ ಒಂದೇ.

ಮಾಸ್ತರರು: ರಾತ್ರಿ ನಡೆಸುವುದಿಲ್ಲ. ಹೊತ್ತು ಮುಳುಗುವ ಮುನ್ನ ಮುಕ್ಕಾಮು.

ಸಾಹೇಬರು: ಹಗಲೂ ಬೇಡ. ಚಾಲಕನನ್ನು ಇಟ್ಟುಕೊಳ್ಳಿರಿ. ಮೊದಲ ಸಲ ಬಾಡಿಗೆಗೇ ಹಿಡಿಯಿರಿ, ಕೊಳ್ಳುವ ಮಾತನ್ನು ಈ ವರುಷ ಎತ್ತಬೇಡಿರಿ. ಬಾಡಿಗೆಯ ವಾಹನ ಬೆಂಗಳೂರಿನಿಂದ ಬರಬೇಕಾದರೆ ಹೋಗಿ ಬರುವ ಒಂಬೈನೂರು ಕಿಲೋಮೀಟರಿಗೆ ಎಂಟು ಸಾವಿರ ರೂಪಾಯಿಯ ಡೀಸೆಲ್ಲೇ ಬೇಕು, ದಾರಿಯ ದಿನಗಳೂ ಲೆಕ್ಕಕ್ಕೆ ಬೀಳುತ್ತವೆ. ಆದುದರಿಂದ ಹುಬ್ಬಳ್ಳಿಯಲ್ಲಿ ಯಾರಾದರೂ ಇಟ್ಟಿದ್ದಾರೆಯೇ ಎಂದು ಮೊದಲು ವಿಚಾರಿಸೋಣ. ದೂರವನ್ನು ಆಸೆಪಡಬೇಡಿರಿ. ಇಲ್ಲಿಂದ ಮಹಾಕೂಟ, ಬಾದಾಮಿ, ಬನಶಂಕರಿ. ಮರಳಿ ಪಟ್ಟದಕಲ್ಲು, ಐಹೊಳೆ, ಅಮೀನಗಡ, ಹುನಗುಂದ, ಇಳಕಲ್ಲು. ಅಲ್ಲಿಂದ ಮಲಪ್ರಭೆಯು ಕೃಷ್ಣೆಯನ್ನು ಕೂಡುವ ಸಂಗಮ. ತಿರುಗಿ ಬರುವಾಗ ಗುಳೇದಗುಡ್ಡ. ಎಲ್ಲವೂ ಒಂದೊಂದು ತಾಸಿನ ಹಾದಿ. ಕೆಟ್ಟು ನಿಂತರೂ ಬಾಗಲಕೋಟೆಯಿಂದ ಮೇಸ್ತ್ರಿ ಬರುತ್ತಾನೆ. ಅಕ್ಕನವರಿಗೆ ಸಕ್ಕರೆ ಏರುಪೇರಾದರೂ ಬಾಗಲಕೋಟೆಯ ದವಾಖಾನೆಗಳು ಹತ್ತಿರ.

ಮಾಸ್ತರರು: ಮಹಾಕೂಟದಲ್ಲಿ ಬೆಳಗಿನ ಜಾವಕ್ಕೆ ಇರುವಂತಾಗಬೇಕು, ಜನ ಬರುವ ಮೊದಲು ಆ ಪುಷ್ಕರಿಣಿಯ ಮೆಟ್ಟಿಲ ಮೇಲೆ ಕುಳಿತಿರಬೇಕು. ಮಂಗಳೇಶನ ಕಾಲದ ಕಂಬದ ಶಾಸನ ಅಲ್ಲಿಂದಲೇ ವಿಜಾಪುರದ ಸಂಗ್ರಹಾಲಯಕ್ಕೆ ಹೋದದ್ದು. ಕಂಬವಿದ್ದ ನೆಲವನ್ನಾದರೂ ನೋಡಿದಂತಾಗುತ್ತದೆ. ಪಟ್ಟದಕಲ್ಲಿನಲ್ಲಿ ಹೊಳೆ ಉತ್ತರಕ್ಕೆ ಹರಿಯುತ್ತದೆ. ವಿರೂಪಾಕ್ಷನ ಗುಡಿಯ ಮೂಡಣ ಬಾಗಿಲಿನಿಂದ ಬಿಸಿಲು ಒಳಗೆ ಬರುವ ಹೊತ್ತನ್ನು ಬಿಡಲಾರೆ. ನೀನು ಇಳಕಲ್ಲಿನ ಮಗ್ಗದ ಮುಂದೆ ಎಷ್ಟು ಹೊತ್ತು ಬೇಕಾದರೂ ಕೂಡು. ನಾನು ಹೊರಗೆ ಕಾಯುತ್ತೇನೆ.

ಅಕ್ಕನವರು: ಹೊರಗೇಕೆ? ತಾವೂ ಒಳಗೆ ಬನ್ನಿರಿ. ನಾನು ಶಾಸನದ ಕಂಬದ ಜಾಗಕ್ಕೆ ಬರುವುದಿಲ್ಲವೇ? ಸಾಹೇಬರೇ, ಒಂದು ಕೇಳಬೇಕು. ಚಾಲಕ ಎಂದಿರಿ. ಆ ಹುಡುಗ ರಾತ್ರಿ ಎಲ್ಲಿ ಮಲಗುವನು? ಒಳಗೆ ಇರುವುದು ಇಬ್ಬರ ಮಂಚ. ನಾವು ಒಳಗೆ ಬಾಗಿಲು ಹಾಕಿಕೊಂಡು ಬೆಚ್ಚಗೆ ಮಲಗಿ, ಅವನು ಮಾಗಿಯ ಚಳಿಯಲ್ಲಿ ಮುಂದಿನ ಆಸನದ ಮೇಲೆ ಮುದುಡಿಕೊಂಡಿರುವುದು ನನಗೆ ಸರಿದೋರುವುದಿಲ್ಲ.

ಸಾಹೇಬರು: ನಿಜ, ಅದನ್ನು ಬರೆದುಕೊಂಡಿರಲಿಲ್ಲ. ಬಾದಾಮಿಯಲ್ಲಿ ಲಾಡ್ಜುಗಳಿವೆ, ಸಂಗಮದಲ್ಲಿ ಯಾತ್ರಿ ನಿವಾಸವಿದೆ. ಉಳಿದ ಕಡೆ ಮಠಗಳಲ್ಲಿ ಕೇಳಿ ಒಂದು ಕೋಣೆ ಪಡೆಯಬಹುದು. ದಿನಕ್ಕೆ ಐನೂರು ರೂಪಾಯಿಯನ್ನು ಅವನ ವಸತಿಗೆಂದು ತೆಗೆದಿಡೋಣ. ಊಟ ನಿಮ್ಮ ಜೊತೆಯ ಪಂಕ್ತಿಯಲ್ಲಿಯೇ. ಬನಶಂಕರಿಯ ತೇರಿನ ಗದ್ದಲದಲ್ಲಿ ಅಷ್ಟು ದೊಡ್ಡ ವಾಹನಕ್ಕೆ ಜಾಗ ಸಿಕ್ಕುವುದಿಲ್ಲ. ಹುಣ್ಣಿವೆ ಮುಗಿದು ಎರಡು ವಾರಕ್ಕೆ ಹೊರಡುವುದೆಂದು ಇಟ್ಟುಕೊಳ್ಳೋಣ, ಆಗ ನಾಟಕದ ಕಂಪನಿಗಳು ಇನ್ನೂ ಅಲ್ಲಿಯೇ ಇರುತ್ತವೆ. ಹುಬ್ಬಳ್ಳಿಗೆ ನಾಳೆ ನಾನೇ ಫೋನು ಮಾಡುತ್ತೇನೆ. ತೊಟ್ಟಿ ಯಾವ ಬಗೆಯದು, ಕೈಯಲ್ಲಿ ಹೊರಗೆ ತೆಗೆಯುವಂಥದೇ ಎಂಬುದನ್ನು ಬೆಲೆಗಿಂತ ಮೊದಲು ಕೇಳುತ್ತೇನೆ.